ಅಪ್ಪಯ್ಯ ಮಾಡದ ಭಾಷಣ

ತಲ್ಲೂರು
ಮೇ 14, 2006

ಪ್ರೀತಿಯ ತಮ್ಮ ಶೇಖರನಿಗೆ,

ಮುಂಬೈ ಮುಟ್ಟಿದ ಮೇಲೆ ನಿನ್ನ ಬೆನ್ನುನೋವು ಹೇಗಿದೆ? ಅಪ್ಪಯ್ಯನ ಹದಿಮೂರನೇ ದಿನದ ಊಟ ಮುಗಿದ ಮರುದಿನವೇ ನೀನು ಬಸ್ಸು ಹತ್ತಿದೆ, ವಿಚಾರಿಸುವುದಕ್ಕೂ ಆಗಲಿಲ್ಲ. ಕುಸುಮಳ ಶುಗರ್ ಹತೋಟಿಯಲ್ಲಿದೆಯೇ? ನಾನು ಆರೋಗ್ಯವಾಗಿದ್ದೇನೆ, ನಿದ್ದೆಯೊಂದು ಬಿಟ್ಟು.

ನೀನಿದ್ದಾಗ ಹೇಳಲಾಗದ್ದನ್ನು ಬರೆಯುತ್ತಿದ್ದೇನೆ. ಅಪ್ಪಯ್ಯ ಪ್ರತಿವರ್ಷ ಬೈಂದೂರಿನ ಸೀರತ್ ಸಭೆಯಲ್ಲಿ ಪೈಗಂಬರರ ಬಗ್ಗೆ ಮಾತಾಡುತ್ತಿದ್ದರಲ್ಲ, ಈ ಸಲದ ನೋಟೀಸಿನಲ್ಲಿ ಅವರ ಹೆಸರಿರುವುದನ್ನು ಯಾರೋ ನಿನಗೆ ಮುಟ್ಟಿಸಿದ್ದರು. "ನಂಗಿಲ್ಲಿ ತಲೆ ಎತ್ತುಕಾತಿಲ್ಲ, ನೀನಾರೂ ನಿಲ್ಸ್ ಅಕ್ಕಾ" ಎಂದು ನೀನು ಫೋನಿನಲ್ಲಿ ಕೂಗಾಡಿದೆ. ನಾನು ನಿಲ್ಲಿಸಿದೆ. ಹೇಗೆಂದು ನೀನು ಕೇಳಲಿಲ್ಲ.

ಎರಡು ತಿಂಗಳಿಂದ ಅವರ ತಯಾರಿ ನಡೆದಿತ್ತು. ಆ ಧರ್ಮದವರಲ್ಲದ ದೊಡ್ಡ ಚಿಂತಕರು ಪೈಗಂಬರರನ್ನು ಮೆಚ್ಚಿ ಬರೆದದ್ದನ್ನೆಲ್ಲ ಹುಡುಕಿ, ನನ್ನಿಂದ ಕನ್ನಡ ಮಾಡಿಸಿಕೊಂಡು, ಕೊನೆಗೆ ಎಲ್ಲ ಬದಿಗಿಟ್ಟರು. "ದೊಡ್ಡೋರ್ ಮೆಚ್ಚಿರ್ ಅಂದೇಳಿ ನಾನ್ ಮೆಚ್ಚೂದಾ? ನಂಗೆಂತಕೆ ಇಷ್ಟ ಅಂದ್ ನಾನೇ ಹೇಳ್ಕ್ ಮಗಾ." ಅವರಿಗೆ ಹಿಡಿಸಿದ್ದು ಇಷ್ಟೇ: ಹುಟ್ಟುವ ಮೊದಲೇ ತಂದೆಯನ್ನು, ಆರರ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡವರು, ಅನಾಥರನ್ನು ನೋಯಿಸಬೇಡಿ ಎಂದರು, ಊರಿಗೆ ಊರೇ ಹಿಂದೆ ಬಂದ ಮೇಲೂ ಹರಿದ ಚಪ್ಪಲಿಯನ್ನು ತಾವೇ ಹೊಲಿದುಕೊಂಡರು. ಅಜ್ಜಿಯ ಮೀನುಬುಟ್ಟಿಯ ಹಿಂದೆ ತಬ್ಬಲಿಯಾಗಿ ಬೆಳೆದು ಮೇಷ್ಟ್ರಾದ ಅಪ್ಪಯ್ಯ ಇದನ್ನು ಓದಿ ಹೇಳುವಾಗ ಕನ್ನಡಕ ತೆಗೆದುಬಿಡುತ್ತಿದ್ದರು.

ಸಭೆ ನಡೆಸುವ ಮೊಯ್ದೀನ್ ಸಾಯ್ಬ್ರು ಅವರ ಶಾಲೆಯ ಕಾಲದ ಗೆಳೆಯ. ಮುನ್ನಾದಿನ ಅವರಿಗೆ ಫೋನ್ ಮಾಡಿ, ಅಪ್ಪಯ್ಯನಿಗೆ ಜ್ವರ, ಕಾರು ಕಳಿಸಬೇಡಿ ಎಂದೆ. ಅಪ್ಪಯ್ಯನಿಗೆ ಏನೂ ಹೇಳಲಿಲ್ಲ. ಕವಿತೆ ಓದಿ ಓದಿ ಮನುಷ್ಯರ ಮನಸ್ಸು ಬಲ್ಲೆ ಎಂದುಕೊಂಡವಳು ನಾನು! ಸಭೆಯ ದಿನ ಅಪ್ಪಯ್ಯ ಮೂರು ಗಂಟೆಗೇ ಗಡ್ಡ ಹೆರೆದು, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಜಗಲಿಯಲ್ಲಿ ಕುಳಿತರು. ಹೆದ್ದಾರಿಯಿಂದ ಕಾರು ಇತ್ತ ತಿರುಗಿದಾಗಲೆಲ್ಲ ಎದ್ದು ನಿಂತರು. ಆರೂವರೆಗೆ "ಸಾಯ್ಬ್ರ್ ಮರ್ತ್ರ್ ಕಾಂತ್" ಎಂದು ನಕ್ಕು, ಒಳಗೆ ಹೋಗಿ ಅಂಗಿ ಮಡಚಿಟ್ಟರು. ಎರಡೇ ವಾರಕ್ಕೆ ಎದೆನೋವು. ಮುಂದಿನದು ನಿನಗೆ ಗೊತ್ತು. ಗೆಳೆಯ ಮರೆತನೆಂಬ ನೋವಿನಲ್ಲೇ ಹೋದರಲ್ಲ ಎಂಬುದು ನನ್ನನ್ನು ಸುಡುತ್ತಿದೆ.

ನಿನ್ನನ್ನು ದೂರಲು ಬರೆದದ್ದಲ್ಲ. ಕೂಗಿದವನು ನೀನು, ಸುಳ್ಳು ಮಾತ್ರ ನನ್ನದೇ. ನೀವೆಲ್ಲ ಚೆನ್ನಾಗಿರಿ ಎಂದು ಹರಸುವ ಯೋಗ್ಯತೆ ಅಕ್ಕನಿಗೆ ಉಳಿದಿದ್ದರೆ, ಚೆನ್ನಾಗಿರಿ.

ನಿನ್ನ ಅಕ್ಕ,
ಜಲಜ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಸಾಯ್ಬ್ರು ಬಂದು ಹೋದರು. "ಸಭೆ ಮರ್ದಿನ ಮಾಷ್ಟ್ರೇ ಫೋನ್ ಮಾಡಿರ್. ಜ್ವರ ಹ್ಯಾಂಗಿತ್ತ್ ಅಂದ್ ಕೇಂಡೆ. 'ಜ್ವರವಾ?' ಅಂದ್ರ್. ಮತ್ತೆ, 'ಬಿಟ್ಟಿತ್ ಮಾರಾಯ್ರೆ, ಮಗಳ್ ಚೆಂದ ನೋಡ್ಕಂಡ್ಲ್' ಅಂದ್ರ್" ಎಂದರು. ಎಲ್ಲ ತಿಳಿದೂ ಅಷ್ಟು ದಿನ ನಾನು ಬಡಿಸಿದ ಗಂಜಿ ಉಂಡರು, ಒಂದು ಮಾತು ಕೇಳಲಿಲ್ಲ. ಸಾಯ್ಬ್ರಿಗೆ ನಿಜ ಹೇಳಿಬಿಡಲು ಬಾಯಿ ತೆರೆದೆ. ಹೇಳಿದರೆ ನನಗಾಗಿ ಅಪ್ಪಯ್ಯ ಗೆಳೆಯನಿಗೆ ಸುಳ್ಳಾಡಿದ್ದೂ ಬಯಲಾಗುತ್ತದೆ. ಜ್ವರ ಬಂದದ್ದು ಹೌದೆಂದು ತಲೆಯಾಡಿಸಿದೆ, ಶೇಖರ.