ಹಳದಿ ಬಿಲ್ಲೆಯ ಕುರಿಗಳು

ಗೆಳತಿ ರತ್ನಾ,

ನಾನು ಅನಂತಪುರದ ಪ್ರಯೋಗಾಲಯಕ್ಕೆ ಸೇರಿದ ಮೊದಲ ವಾರ ನಿನಗೆ ನೆನಪಿದೆಯೇ? ಟ್ರೈಟಾನ್ ಬಾಟಲಿಯಿಂದ ಒಂದಿಷ್ಟು ತೆಗೆದುಕೊಡಲು ನೀನು ಹೇಳಿದ್ದೆ. ನಾನು ಎಂದಿನಂತೆ ಪಿಪೆಟ್ ಅದ್ದಿ ಎಳೆದೆ. ಜೇನಿನಷ್ಟು ಮಂದವಾದ ಆ ದ್ರವ ಮೇಲೇರಲಿಲ್ಲ. ಬಂದದ್ದು ಬರೀ ಗಾಳಿಗುಳ್ಳೆ. ನೀನು ಕತ್ತರಿ ತಂದು ಪಿಪೆಟ್‌ನ ಪ್ಲಾಸ್ಟಿಕ್ ಮೂತಿಯ ತುದಿ ಕತ್ತರಿಸಿ ಅಗಲ ಮಾಡಿಕೊಟ್ಟೆ. "ಆತುರ ಪಟ್ರೆ ಇದು ಬರಾಕಿಲ್ಲ ಕಣೇ. ಅದು ಏರೋಗಂಟ ಮಾತಾಡಾನ ಬಾ" ಎಂದೆ. ಸುತ್ತಲೂ ತೆಲುಗು ಮಾತನಾಡುವವರ ನಡುವೆ ಆ ಕನ್ನಡ ಕೇಳಿ ನಾನು ಪಿಪೆಟ್ ಮರೆತು ನಿನ್ನತ್ತ ತಿರುಗಿದೆ. ಯಾವ ಊರ್ರಿ ನಿಮ್ಮದು ಎಂದು ಕೇಳಿದರೆ, ನೀನು ಮಡಕಶಿರಾ ಎಂದು ನಕ್ಕೆ. ನಮ್ಮ ರಾಯದುರ್ಗದವರು ಬೈಯುವಾಗಲೂ 'ರಿ' ಹಚ್ಚಿಯೇ ಬೈಯುತ್ತಾರೆಂದು ಆಮೇಲೆ ವರ್ಷಗಟ್ಟಲೆ ನನ್ನನ್ನು ಛೇಡಿಸಿದೆ.

ಒಂದು ಮಧ್ಯಾಹ್ನ ಊಟದ ಡಬ್ಬಿ ಮುಚ್ಚುತ್ತಾ ನಾನು ಕೇಳಿದ್ದೆ, ಇದೂ ಒಂದು ಬಗೆಯ ಸಾಬೂನೇ ತಾನೆ, ಇದೇ ಯಾಕೆ ಬೇಕು ಎಂದು. ಜೀವಕೋಶದ ಪೊರೆ ಎಂಬ ಗೋಡೆ ಕೊಬ್ಬಿನದು, ನಮಗೆ ಬೇಕಾದ ಪ್ರೋಟೀನು ಆ ಕೊಬ್ಬಿನಲ್ಲಿ ಸೊಂಟದವರೆಗೆ ಹೂತು ನಿಂತಿರುತ್ತದೆ ಎಂದು ನೀನು ತಟ್ಟೆಯ ಮೇಲೆ ಬೆರಳಿನಿಂದ ಬರೆದು ತೋರಿಸಿದೆ. ವಿದ್ಯುದಂಶವಿರುವ ಸಾಬೂನು ಹಾಕಿದರೆ ಗೋಡೆಯ ಜೊತೆ ಪ್ರೋಟೀನಿನ ಮಡಿಕೆಗಳೂ ಬಿಚ್ಚಿಹೋಗುತ್ತವೆ. ಟ್ರೈಟಾನ್‌ಗೆ ಆ ಅಂಶವಿಲ್ಲ. ಅದು ಕೊಬ್ಬನ್ನು ಕರಗಿಸುತ್ತ, ತಾನೇ ಪ್ರೋಟೀನಿನ ಸೊಂಟದ ಸುತ್ತ ಗುಂಪುಗೂಡಿ ನಿಲ್ಲುತ್ತದೆ. "ಮನೆಯಿಂದ ಈಚೆಗೆ ತರಬೇಕು, ಮನೆ ಬಿಟ್ಟೆ ಅಂತ ಅದಕ್ಕೆ ಗೊತ್ತಾಗಬಾರ್ದು, ಅಷ್ಟೇ ಕಣೇ" ಎಂದೆ. ಊಟದ ಹೊತ್ತಿನಲ್ಲೂ ಕವಿತೆ ಓದುತ್ತ ಕೂರುವ ನನಗೆ ಆ ಮಾತು ಪ್ರೋಟೀನಿನದೆಂದು ಅನ್ನಿಸಲೇ ಇಲ್ಲ. ಹೋದ ವರ್ಷ ಆಸ್ಪತ್ರೆಯಲ್ಲಿ ನಾವೆಲ್ಲ ನಿನ್ನ ಮಂಚದ ಸುತ್ತ ನಿಲ್ಲುತ್ತಿದ್ದೆವಲ್ಲ, ಏನೂ ಆಗಿಲ್ಲವೆಂಬಂತೆ ಹರಟುತ್ತ… ನಿನಗೆ ಗೊತ್ತಾಗಿರಲಿಲ್ಲವೇ?

ರಾಯದುರ್ಗದ ಮಾಂಸದಂಗಡಿಯ ಖಾಸಿಂ ಸಾಬರು ಈಗಲೂ ನಿನ್ನನ್ನು ವಿಚಾರಿಸುತ್ತಾರೆ. ಭಾನುವಾರ ನಾನು ಊರಿಗೆ ಹೋದರೆ ಬೆಳಿಗ್ಗೆ ಮಂಜುಗಡ್ಡೆ ತುಂಬಿದ ಫ್ಲಾಸ್ಕ್ ಹಿಡಿದು ಅವರ ಅಂಗಡಿಯ ಹಿಂದೆ ನಿಲ್ಲಬೇಕಿತ್ತು. ಆಗಷ್ಟೇ ಕೊಯ್ದ ಕುರಿಯ ನಾಲ್ಕು ಹೊಟ್ಟೆಗಳಲ್ಲಿ ನಾಲ್ಕನೆಯದನ್ನು ಸೀಳಿ, ಒಳಪದರಕ್ಕೆ ಕಚ್ಚಿಕೊಂಡಿರುವ ಹುಳಗಳನ್ನು ಚಿಮಟಿಗೆಯಿಂದ ಎತ್ತುವುದು ನನ್ನ ಕೆಲಸ. ಕೆಂಪು ದಾರಕ್ಕೆ ಬಿಳಿ ದಾರ ಹೊಸೆದಂತಿರುವ ಹುಳ. ಕೆಂಪೆಲ್ಲ ಅದು ಕುಡಿದ ರಕ್ತ. "ಬರ್ರಿ ಮೇಡಂ," ಎನ್ನುತ್ತಿದ್ದರು ಸಾಬರು, "ಮಂದಿ ಎಲ್ಲ ಮಾಂಸ ಕೇಳ್ತಾರ, ನೀವೊಬ್ರು ಹುಳ ಕೇಳ್ತೀರಿ. ನಿಮ್ಮ ಮನ್ಯಾಗ ಯಾರಿಗೂ ಹೆಣ್ಣು ಕೊಡಬಾರ್ದ್ರಿ." ನೀನು ಜೊತೆಗೆ ಬಂದ ದಿನ, ಹೆಣ್ಣು ಬ್ಯಾಡ ಸಾಬ್ರೇ, ಇನ್ನೊಂದು ಹೊಟ್ಟೆ ಕೊಡಿ ಎಂದಿದ್ದೆ. ಅದನ್ನು ಅವರು ಗಿರಾಕಿಗಳಿಗೆಲ್ಲ ಹೇಳಿ ನಗುತ್ತಿದ್ದರು. ನೀನು ಇಲ್ಲವೆಂದು ಅವರಿಗೆ ಇನ್ನೂ ಹೇಳಿಲ್ಲ. ಹೇಗೆ ಹೇಳಲಿ…

ನಿನ್ನೂರಿಗೆ ನನ್ನನ್ನು ಮೊದಲ ಸಲ ಕರೆದೊಯ್ದಾಗ, ಮಡಕಶಿರಾ ಕಡೆಯ ರೊಳ್ಳದಲ್ಲಿ ಬಸ್ಸಿಳಿದು ಹಿಪ್ಪುನೇರಳೆ ತೋಟಗಳ ನಡುವೆ ನಡೆಯುತ್ತ ನೀನು ಈ ಕೆಲಸ ಹಿಡಿದದ್ದೇಕೆಂದು ಹೇಳಿದೆ. ಮಳೆ ಬಿದ್ದು ಹುಲ್ಲು ಚಿಗುರಿದೊಡನೆ ಮನೆಯ ಕುರಿಮರಿಗಳ ಕಣ್ಣಿನ ಒಳರೆಪ್ಪೆ ಬಿಳುಚುತ್ತಿತ್ತು, ಗದ್ದದ ಕೆಳಗೆ ನೀರು ತುಂಬಿ ಜೋತುಬೀಳುತ್ತಿತ್ತು, ಆಮೇಲೆ ಅವು ಏಳುತ್ತಿರಲಿಲ್ಲ. ಚಿಕ್ಕ ಹುಡುಗಿಯಾಗಿದ್ದ ನೀನು ಸತ್ತ ಮರಿಯ ರೆಪ್ಪೆ ಮಗುಚಿ ನೋಡುತ್ತ ಕೂತಿರುತ್ತಿದ್ದೆಯಂತೆ. ಹುಳದ ಕರುಳಿನ ಗೋಡೆಯಲ್ಲಿರುವ ಪ್ರೋಟೀನನ್ನು ಆಕಾರ ಕೆಡದಂತೆ ತೆಗೆದು ಕುರಿಗೆ ಚುಚ್ಚಿದರೆ, ಕುರಿಯ ರಕ್ತ ಅದನ್ನು ಎದುರಿಸಲು ಕಲಿಯುತ್ತದೆ. ಆಮೇಲೆ ಆ ರಕ್ತ ಕುಡಿದ ಹುಳಕ್ಕೆ ಅದೇ ವಿಷ. ಆದರೆ ಆಕಾರ ಕೆಟ್ಟರೆ ಚುಚ್ಚಿದ್ದು ವ್ಯರ್ಥ. ಹಾಗಾಗಿ ನಿನ್ನ ಜೀವಮಾನದ ಕೆಲಸ ಟ್ರೈಟಾನ್‌ನ ಮೃದುತನವನ್ನು ನಂಬಿ ನಿಂತಿತ್ತು. ನಾನು ಕೊಳವೆಯನ್ನು ಜೋರಾಗಿ ಅಲುಗಿಸಿದರೆ ಸಾಕು, ನೊರೆ ಬಂದರೆ ಅದರ ಪ್ರಾಣ ಹೋಗುತ್ತದೆಂದು ನೀನು ನನ್ನ ಕೈ ಹಿಡಿಯುತ್ತಿದ್ದೆ.

ಆ ಮೇ ತಿಂಗಳ ಮಧ್ಯಾಹ್ನ ನೀನು ಕೀಮೋ ವಾರ್ಡಿನಲ್ಲಿದ್ದೆ. ಕರೆಂಟು ಹೋಯಿತು, ಜನರೇಟರ್ ಕೈಕೊಟ್ಟಿತು. ಮಂಜುಗಡ್ಡೆಯೆಲ್ಲ ಕರಗಿ, ನಾವು ಬೇಸಿಗೆಯಿಡೀ ಕೂಡಿಸಿದ ದ್ರವ ನನ್ನ ಕಣ್ಣೆದುರೇ ಗಂಜಿಯಂತೆ ಬೆಳ್ಳಗಾಯಿತು. ಸ್ವಲ್ಪ ಹೊತ್ತಿಗೆ ತಳದಲ್ಲಿ ಎಣ್ಣೆಯಂಥ ಪದರ ಇಳಿಯಿತು. ಕೆಟ್ಟುಹೋಯಿತು, ಮೇಲಿನ ತಿಳಿ ಮಾತ್ರ ಇಟ್ಟುಕೊಂಡು ತಳದ್ದು ಚೆಲ್ಲಿಬಿಡಿ ಎಂದರು ಪಕ್ಕದ ಕೋಣೆಯವರು. ನಾನು ನಿನಗೆ ಫೋನ್ ಮಾಡಿದೆ. ನಿನ್ನ ದನಿ ಬಾವಿಯೊಳಗಿಂದ ಬಂದಂತಿತ್ತು. "ಚೆಲ್ಲಬ್ಯಾಡ ಕಣೇ. ನಾವು ಬಳಸೋ ಟ್ರೈಟಾನ್ ಜಾತಿಗೆ ಸೆಖೆ ಆಗಲ್ಲ, ಮಂಕಾಯ್ತದೆ, ತಳಕ್ಕಿಳೀತದೆ. ನಮ್ ಪ್ರೋಟೀನು ಅದರ ಜೊತೇಲೇ ತಳದಾಗೈತೆ. ಐಸ್ ಮೇಲಿಡು, ತಿಳಿಯಾಯ್ತದೆ." ಬೀದಿಯ ಸೋಡಾ ಅಂಗಡಿಯಿಂದ ಮಂಜುಗಡ್ಡೆ ತಂದೆ. ತಿಳಿಯಾಯಿತು. ಆದರೆ ಅಷ್ಟು ಬಿಸಿಗೆ ಒಳಗಿನದು ಆಕಾರ ಉಳಿಸಿಕೊಂಡಿದೆಯೋ ಇಲ್ಲವೋ, ಅದನ್ನು ಹೇಳುವವರು ಯಾರು? ನೀನೂ ಹೇಳಲಿಲ್ಲ. ಮಳೆಗಾಲ ಬರುತ್ತಿತ್ತು, ಯೋಜನೆಯ ಅವಧಿ ಮುಗಿಯುತ್ತಿತ್ತು, ಇನ್ನೊಮ್ಮೆ ಮಾಡುವಷ್ಟು ಸಮಯ ಯಾವುದರಲ್ಲೂ ಉಳಿದಿರಲಿಲ್ಲ. ಇದನ್ನೇ ಕುರಿಗಳಿಗೆ ಕೊಡೋಣ ಎಂದೆ ನೀನು.

ಕೀಮೋದ ಬಿಡುವಿನಲ್ಲಿ ನೀನು ಊರಿಗೆ ಬಂದು, ನಿನ್ನ ಮನೆಯ ಕುರಿಹಟ್ಟಿಯಲ್ಲಿ ನಾವು ಮರಿಗಳ ಕಿವಿಗೆ ಬಿಲ್ಲೆ ಹಾಕಿದ ದಿನ ನಿನ್ನ ಅಮ್ಮ, ಗಂಡುಮರಿಗಳಿಗೂ ಓಲೆ ಇಕ್ಕಿದ್ರಲ್ಲಮ್ಮ ಎಂದು ನಕ್ಕಿದ್ದರು. ಹಳದಿ ಬಿಲ್ಲೆಯವಕ್ಕೆ ಔಷಧ, ನೀಲಿಯವಕ್ಕೆ ಬರೀ ಉಪ್ಪುನೀರು. ಯಾವ ಬಣ್ಣ ಯಾವುದೆಂದು ನಮ್ಮಿಬ್ಬರನ್ನು ಬಿಟ್ಟು ಯಾರಿಗೂ ತಿಳಿಯಕೂಡದು, ತಿಳಿದರೆ ಒಂದಕ್ಕೆ ಒಂದು ಹಿಡಿ ಸೊಪ್ಪು ಹೆಚ್ಚು ಹಾಕಿಬಿಡುತ್ತಾರೆ ಎಂದು ನೀನು ನನ್ನ ಕೈಯಲ್ಲಿ ಆಣೆ ಹಾಕಿಸಿಕೊಂಡೆ. ನಿನ್ನ ತಮ್ಮ ಹನುಮಂತ ಎಷ್ಟು ಕೆಣಕಿದರೂ ನೀನು ಬಾಯಿ ಬಿಡಲಿಲ್ಲ. ದೀಪಾವಳಿ ಕಳೆಯುವವರೆಗೆ ಹಿಕ್ಕೆ ಮತ್ತು ರಕ್ತವನ್ನು ಪರೀಕ್ಷಿಸುತ್ತ ಹೋಗಬೇಕು, ಅಲ್ಲಿಯವರೆಗೆ ಒಂದು ಮರಿಯೂ ಹಿಂಡು ಬಿಟ್ಟು ಹೋಗಬಾರದು ಎಂದಷ್ಟೇ ಹೇಳಿದೆ.

ಶ್ರಾವಣದಲ್ಲಿ ಮೊದಲ ಪರೀಕ್ಷೆ ಮುಗಿಸಿ ನಾನು ಆಸ್ಪತ್ರೆಗೆ ಬಂದಾಗ ನೀನು ದಿಂಬಿಗೊರಗಿ ಕಾಯುತ್ತಿದ್ದೆ. ಎರಡು ಬಣ್ಣಕ್ಕೂ ವ್ಯತ್ಯಾಸ ಕಾಣುತ್ತಿಲ್ಲ ಎಂದೆ ನಾನು. ಮಳೆ ಇನ್ನೂ ಬಲಿತಿಲ್ಲ, ಹುಳವೇ ಹೆಚ್ಚಿಲ್ಲ, ಈಗಲೇ ಏನೂ ಹೇಳಲಾಗದು ಎಂದೂ ಹೇಳಿದೆ. ನೀನು ಅದನ್ನು ಕೇಳಿಸಿಕೊಂಡೆಯೋ ಇಲ್ಲವೋ. "ಸೆಖೆಗೆ ಸತ್ತೋಯ್ತು ಕಣೇ ಅದು" ಎಂದು ಆ ಕಡೆ ಹೊರಳಿದೆ. ಆಮೇಲೆ ನೀನು ಕುರಿಗಳ ಮಾತೆತ್ತಲಿಲ್ಲ. ಭಾದ್ರಪದದ ಕೊನೆಗೆ ಹೊರಟುಹೋದೆ.

ನಿನ್ನ ತಿಥಿಯ ದಿನ ನಾನು ಊರು ಸೇರುವಾಗ ಹೊತ್ತು ಏರಿತ್ತು. ಒಲೆಗಳ ಮೇಲೆ ಕೊಪ್ಪರಿಗೆ ಕುದಿಯುತ್ತಿದ್ದವು. ಹನುಮಂತ ನನ್ನನ್ನು ಕಂಡು ಒಳಗಿನಿಂದ ಒಂದು ಸ್ಟೀಲಿನ ತಟ್ಟೆ ತಂದು ಎರಡೂ ಕೈಯಲ್ಲಿ ಮುಂದೆ ಹಿಡಿದ. ತೊಳೆದು ಒರೆಸಿದ ಬಿಲ್ಲೆಗಳು, ಎಲ್ಲವೂ ಹಳದಿ. ಒಂದೇ ಒಂದು ನೀಲಿ. "ನಿಮ್ ಆಫೀಸಿಗೆ ಒಪ್ಪಿಸ್ಬೇಕಾಯ್ತದಲ್ಲ ಗಿರಿಜಕ್ಕ, ಒಂದೂ ಕಳೀದಂಗೆ ಎತ್ತಿಟ್ಟಿದೀನಿ" ಎಂದ.

ತಟ್ಟೆಯ ಬಿಲ್ಲೆಗಳನ್ನು ಬೆರಳಿನಿಂದ ಒಂದೊಂದಾಗಿ ಸರಿಸಿ ನೋಡಿದೆ. ಹಳದಿಯನ್ನೇ ಯಾಕೆ ಆರಿಸಿದೆ ಎಂದು ಕೇಳಿದೆ. ಅವನಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿರಬೇಕು.

"ಅವೇ ಮೈ ತುಂಬ್ಕೊಂಡಿದ್ವು. ನೀಲೀವು ಬಡಕಲಾಗವೆ, ಗದ್ದ ಬ್ಯಾರೆ ಊದೈತೆ. ಜನ ಜಾಸ್ತಿ ಬಂದ್ರು ಅಂತ ಕೊನೇಗೆ ಅದರಾಗೂ ಒಂದು ಕೊಯ್ದ್ವಿ. ನಮ್ಮಕ್ಕನ ಎಡೆಗೆ ಬಡಕಲು ಇಕ್ಕಕಾಯ್ತದಾ?"

ಅವನು ಹೋದ ಮೇಲೆ ನಾನು ಹಟ್ಟಿಯ ಹಿಂದಿನ ನೀರಿನ ತೊಟ್ಟಿಯ ಬಳಿ ಹೋದೆ. ನಿನ್ನ ನಾದಿನಿ ಮತ್ತು ಇನ್ನಿಬ್ಬರು ಬೋಟಿ ತೊಳೆಯುತ್ತಿದ್ದರು. ಸೀರೆ ಎತ್ತಿ ಕಟ್ಟಿ ಅವರ ಪಕ್ಕ ಕೂತೆ. ಓದಿದ ಅಕ್ಕಂಗೆ ಯಾಕೆ ಈ ಗಲೀಜು ಎಂದು ಒಬ್ಬಳು ಗೊಣಗಿದಳು. ಇನ್ನೂ ಸೀಳದೆ ಉಳಿದಿದ್ದ ಹೊಟ್ಟೆಗಳಲ್ಲಿ ನಾಲ್ಕನೆಯದನ್ನು ಹುಡುಕಿ ಹುಡುಕಿ ಸೀಳಿದೆ. ಮೊದಲನೆಯದರ ಒಳಪದರ ನಸುಗೆಂಪಗೆ, ನಯವಾಗಿ ಇತ್ತು. ಬೆರಳಾಡಿಸಿದೆ, ಬಿಸಿಲಿಗೆ ಹಿಡಿದೆ. ಇನ್ನೊಂದೂ ಹಾಗೇ. ಮತ್ತೊಂದರಲ್ಲಿ ಎಲ್ಲೋ ಒಂದೆರಡು ಸಣಕಲು ಹುಳ. ಕೊನೆಗೆ ಸಿಕ್ಕಿದ ಒಂದನ್ನು ಸೀಳಿದಾಗ ಮಾತ್ರ ಕೆಂಪು ಬಿಳಿ ದಾರದ ಗಂಟು ಬಿಚ್ಚಿದಂತೆ ಮಿಜಿಗುಟ್ಟಿತು. ಅದು ಯಾವುದರದೆಂದು ನಾನು ಕೇಳಲಿಲ್ಲ. ನಿನ್ನ ನಾದಿನಿಯೇ ಮೂಗು ಮುಚ್ಚಿಕೊಂಡು, ಆ ನೀಲಿ ಓಲೇದು, ಕಡೇಗೆ ಕೊಯ್ದದ್ದು ಎಂದಳು.

ಪಂಕ್ತಿಯಲ್ಲಿ ಕೂತವರು ಇಂಥ ಮಾಂಸ ತಿಂದು ಎಷ್ಟು ಕಾಲವಾಯಿತೆಂದು ಮಾತಾಡಿಕೊಳ್ಳುತ್ತಿದ್ದರು. ನಿನ್ನ ಕೆಲಸಕ್ಕೆ ಸಿಕ್ಕ ಮನ್ನಣೆ ಅಷ್ಟೇ ರತ್ನಾ. ನಿನ್ನ ಅಮ್ಮ ನನ್ನ ಎಲೆಯ ಮುಂದೆ ಕೂತು ಮೆಲ್ಲಗೆ ಕೇಳಿದರು, "ಅವಳು ಒಂದೂ ಕೊಡಬ್ಯಾಡಿ ಅಂದಿದ್ಲು. ಅವಳಿಗೇ ತಾನೆ ಕೊಟ್ಟಿದ್ದು? ಅವಳ ಕೆಲಸ ಏನೂ ಕೆಡ್ಲಿಲ್ಲ ತಾನೆ ಮಗಾ?" ನಾನು ಇಲ್ಲಮ್ಮಾ ಎಂದೆ. ಹಳದಿ ಎಂದರೆ ಏನೆಂದು ಅವರಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ಹೇಳಿದರೆ ಆ ಮುದಿ ಜೀವ ಮತ್ತೆ ಅನ್ನ ಮುಟ್ಟೀತೇ?

ಕಳೆದ ವಾರ ಮೇಲಿನವರು ಕೊನೆಯ ವರದಿ ಕೇಳಿದರು. ಔಷಧ ಕೊಟ್ಟ ಪ್ರಾಣಿಗಳು ಉಳಿದಿಲ್ಲ, ಫಲಿತಾಂಶ ಲಭ್ಯವಿಲ್ಲ ಎಂದು ಬರೆದುಕೊಟ್ಟೆ. ತೊಟ್ಟಿಯ ಬಳಿ ನಾನೊಬ್ಬಳೇ ನೋಡಿದ ಕೆಲವು ಹೊಟ್ಟೆಗಳನ್ನು ವಿಜ್ಞಾನ ಒಪ್ಪುವುದಿಲ್ಲ, ಒಪ್ಪಬಾರದು. ನನ್ನ ಜಾಗದಲ್ಲಿ ನೀನಿದ್ದರೂ ಅದನ್ನೇ ಬರೆಯುತ್ತಿದ್ದೆ. ಯೋಜನೆ ಮುಚ್ಚಿದೆ. ನಿನ್ನ ಕೋಣೆಯನ್ನು ಬೇರೆಯವರಿಗೆ ಕೊಟ್ಟಿದ್ದಾರೆ. ಇನ್ನೊಮ್ಮೆ ಮೊದಲಿನಿಂದ ಮಾಡುವ ಅವಕಾಶ ನನಗೆ ಸಿಗುತ್ತದೆಂಬ ನಂಬಿಕೆ ಇಲ್ಲ, ಕೇಳುವುದನ್ನಂತೂ ಬಿಡುವುದಿಲ್ಲ.

ನಿನಗೆ ಹೇಳಬೇಕಾದದ್ದು ಇಷ್ಟೇ. ಏನೂ ಗೊತ್ತಿಲ್ಲದ ನಿನ್ನ ತಮ್ಮ, ಅಕ್ಕನ ಮೇಲಿನ ಪ್ರೀತಿಯಿಂದ, ಇಡೀ ಹಿಂಡಿನಲ್ಲಿ ಗಟ್ಟಿಯಾದವನ್ನು ಹುಡುಕಿ ಹುಡುಕಿ ಹಿಡಿದ. ಹಿಡಿದದ್ದೆಲ್ಲ ನೀನು ಔಷಧ ಕೊಟ್ಟವು. ಸೆಖೆಗೆ ಅದು ಸತ್ತಿರಲಿಲ್ಲ ರತ್ನಾ.

ನಿನ್ನ,
ಗಿರಿಜಾ