ಎರಡು ನಿಮಿಷ ಹದಿನಾಲ್ಕನೇ ಸೆಕೆಂಡು

ಮಾರ್ಚ್ ೯, ಭಾನುವಾರ ಬೆಳಿಗ್ಗೆ

ಮರಿ,

ಹೇಗಿದ್ದೀಯ? ನಿನ್ನ ಹೊಸ ಹಾಡು ‘ಹದಿನಾರು’ ಹೊರಬಂದು ಹನ್ನೊಂದು ದಿನವಾಯಿತು. ತಾಯಿಯಾದವಳು ಇಷ್ಟು ದಿನ ಸುಮ್ಮನಿದ್ದದ್ದು ತಪ್ಪು, ಒಪ್ಪುತ್ತೇನೆ. ಫೋನ್ ಮಾಡಬಹುದಿತ್ತು, ನೀನು ಎತ್ತಿದ್ದರೂ ನಾನು ಮಧ್ಯೆ ಬಾಯಿ ಹಾಕುತ್ತಿದ್ದೆ. ಮೊದಲು ಇಂಗ್ಲಿಷಿನಲ್ಲಿ ಬರೆಯಲು ಕೂತೆ. ನಾಲ್ಕನೇ ಸಾಲಿಗೆ ಅದು ಕ್ಲಿನಿಕ್ಕಿನ ವರದಿಯಂತೆ ಕಂಡಿತು. ಹರಿದು ಹಾಕಿದೆ.

ಅಪ್ಪ ಚೆನ್ನಾಗಿದ್ದಾರೆ. ಅಡುಗೆಮನೆಯ ನಲ್ಲಿ ತಾನೇ ರಿಪೇರಿ ಮಾಡುತ್ತೇನೆಂದು ಹೊರಟು ಗೋಡೆಯ ಎರಡು ಟೈಲ್ ಒಡೆದಿದ್ದಾರೆ. ಒಡೆಯುವಾಗಲೂ ನಿನ್ನ ಹಾಡೇ ಓಡುತ್ತಿತ್ತು. ಜನವರಿಯಲ್ಲಿ ನೀನು ಕರಡು ಧ್ವನಿಮುದ್ರಣ ಕಳಿಸಿದಾಗ ನಾನೇನು ಉತ್ತರ ಬರೆದಿದ್ದೆ ಎಂದು ಅವರಿಗೆ ಆಗಷ್ಟೇ ಹೇಳಿದೆ. ಸ್ಪ್ಯಾನರ್ ಕೆಳಗಿಟ್ಟರು.

“ಅಲ್ವೇ, ಮಗಳು ಹಾಡು ಕಳಿಸಿದ್ರೆ ನೀನು ಮಾರ್ಕ್ಸ್ ಕಾರ್ಡ್ ಕಳಿಸಿದ್ಯಾ?”

ಕಳಿಸಿದ್ದೆ. ಏಳು ಅಂಶ, ಕ್ರಮಸಂಖ್ಯೆ ಹಾಕಿ. ಐದನೆಯದು ನಿನಗೂ ಬಾಯಿಪಾಠವಾಗಿರಬೇಕು: ಎರಡು ನಿಮಿಷ ಹದಿನಾಲ್ಕನೇ ಸೆಕೆಂಡಿನಲ್ಲಿ ಮಾತು ತಡೆಯುತ್ತದೆ, ಇನ್ನೊಂದು ಟೇಕ್ ತೆಗೆದುಕೊಂಡರೆ ಸರಿಹೋಗುತ್ತದೆ. “ಆಗಲಿ ಡಾಕ್ಟ್ರೇ” ಎಂದು ಬರೆದವಳು ಆಮೇಲೆ ಒಂದಕ್ಷರ ಬರೆದಿಲ್ಲ ನೀನು. ನನ್ನ ಕರೆಗಳನ್ನೂ ಎತ್ತಿಲ್ಲ.

ಇಪ್ಪತ್ತು ವರ್ಷದಿಂದ ಉಗ್ಗುವವರ ಜೊತೆ ಕೂತು ಮಾತಿನ ಚಿಕಿತ್ಸೆ ಕೊಡುವವಳು ನಾನು. ಮಾತಿನಲ್ಲಿ ಉಗ್ಗಿದರೂ ಹಾಡುವಾಗ ನೀನು ಎಂದೂ ಉಗ್ಗಿದವಳಲ್ಲ. ಅಂಥವಳು ಗಿಟಾರ್ ನಿಲ್ಲಿಸಿ, ರಾಗ ಬಿಟ್ಟು, ಬರಿಯ ಮಾತಿನಲ್ಲಿ “ನಾನು... ನ... ನಾನು...” ಎಂದು ನಿಂತು, ಆ ಒಂಬತ್ತು ಸೆಕೆಂಡನ್ನು ಹಾಗೆಯೇ ಉಳಿಸಿದ್ದೀಯ. ಬೇಕೆಂದೇ ಉಳಿಸಿದ್ದು ಎಂದು ಯಾರಿಗಾದರೂ ತಿಳಿಯಬೇಕಿತ್ತು. ನನ್ನ ಕಿವಿಗೆ ಅದು ತಪ್ಪಾಗಿಯೇ ಕೇಳಿಸಿತು. ನಿನ್ನನ್ನು ಎಷ್ಟು ವರ್ಷ ಹೀಗೆ ಕೇಳಿಸಿಕೊಂಡಿರಬಹುದು ಎಂದು ಲೆಕ್ಕ ಹಾಕಲು ಧೈರ್ಯವಾಗುತ್ತಿಲ್ಲ.

ಗುರುವಾರ ಕ್ಲಿನಿಕ್ಕಿಗೆ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ ಬಂದಿದ್ದಳು. ಗಿರಾಕಿಗಳ ಮುಂದೆ ಮಾತ್ರೆಯ ಹೆಸರು ಬಾಯಿಗೆ ಬಾರದೆ ಚೀಟಿ ತೋರಿಸಿ ಕೆಲಸ ಸಾಗಿಸುವವಳು. ಹೊರಗಿನ ಬೆಂಚಿನ ಮೇಲೆ ಕೂತು ಮೊಬೈಲಿನಲ್ಲಿ ನಿನ್ನನ್ನು ಕೇಳುತ್ತಿದ್ದಳು. ನಾನು ಕರೆದರೂ ಏಳಲಿಲ್ಲ, ಒಂದು ಬೆರಳೆತ್ತಿ ತಡೆದಳು. ಆ ಒಂಬತ್ತು ಸೆಕೆಂಡು ಮುಗಿದ ಮೇಲೆ, “ಮೇಡಂ, ಇ... ಇವಳು ನಮ್ಮೋಳು” ಎಂದಳು. ಅಷ್ಟು ಸಂತೋಷದ ಮುಖವನ್ನು ನನ್ನ ಕೋಣೆಯಲ್ಲಿ ನೋಡಿದ್ದು ಕಡಿಮೆ. ‘ನನ್ನ ಮಗಳು’ ಎಂದು ಹೇಳಬಹುದಿತ್ತು. ಹೇಳಲಾಗಲಿಲ್ಲ.

ರೋಗಿಗಳ ಮನೆಯವರಿಗೆ ನಾನು ಹೇಳುವ ಮೊದಲ ಮಾತು ನಿನಗೆ ಗೊತ್ತು. ಕಾಯಿರಿ, ಅವರ ವಾಕ್ಯವನ್ನು ನೀವು ಮುಗಿಸಬೇಡಿ. ನಿನಗೆ ಹದಿನಾರಾಗಿದ್ದಾಗ, ಪರೀಕ್ಷೆ ಮುಗಿದ ವಾರ, ನಾನು ಬಟ್ಟೆ ಮಡಿಸುತ್ತಿದ್ದೆ. ನೀನು ಬಾಗಿಲಿಗೊರಗಿ, “ಅಮ್ಮ, ನಾನು ಏಣೀನ... ನಾನು ಅ... ಅವಳನ್ನ...” ಎಂದು ನಿಂತೆ. ನಿನ್ನ ಆ ಉದ್ದನೆಯ ಗೆಳತಿಗೆ ನೀನೇ ಇಟ್ಟ ಹೆಸರು, ಏಣಿ. ನಾನು ದಿಂಬಿನ ಕವರು ಕೊಡವುತ್ತಾ, “ಅವಳನ್ನ ಕಂಡ್ರೆ ಆಗ್ತಿಲ್ಲ, ಅಷ್ಟೇ ತಾನೇ? ಜಗಳ ಆಡ್ಕೊಂಡ್ರಾ?” ಎಂದು ಕೇಳಿದೆ. ನೀನು ತಲೆಯಾಡಿಸಿ ಹೋದೆ. ಮರುದಿನದ ಕೆಲಸ ತಲೆಯಲ್ಲಿತ್ತು, ಅವಸರದಲ್ಲಿ ಬಾಯಿ ಹಾಕಿದೆ ಎಂದು ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ.

ಜೂನಿನಲ್ಲಿ ಅವಳ ಮನೆಯವರು ಬೇರೆ ಊರಿಗೆ ಹೊರಟುಹೋದರು. ನಿನ್ನ ಕೈಗೆ ಫೋನ್ ಬಂದದ್ದು ಅದರ ಮರುವರ್ಷ.

ಈಗ ಹಾಡಿನ ಕೆಳಗೆ ಯಾರ್ಯಾರೋ ತಮ್ಮ ಹದಿನಾರರ ಕಥೆ ಬರೆಯುತ್ತಿದ್ದಾರೆ. “ಬೇಸಿಗೆ ಪೂರ್ತಿ ಕಾದೆ, ನೀನು ಬರಲೇ ಇಲ್ಲ” ಎಂಬ ಸಾಲಿನ ‘ನೀನು’ ಯಾರಿರಬಹುದು ಎಂದು ಅವರಿಗೆಲ್ಲ ಕುತೂಹಲ. ನನಗೆ ಗೊತ್ತು. ನೀನು ಅವಳನ್ನು ಪ್ರೀತಿಸಿದೆ. ಅದಕ್ಕೆ ನನ್ನ ಒಪ್ಪಿಗೆ ಇದೆ ಎಂದು ಬರೆದು ಹೊಡೆದುಹಾಕಿದೆ. ಒಪ್ಪಿಗೆ ಕೊಡಲು ನನ್ನನ್ನು ಕೇಳಿದವರಾರು? ನೀನು ಹಾಡಿನಲ್ಲಿ ಹೇಳಿದೆ. ನಾನು ಕೇಳಿಸಿಕೊಂಡೆ. ಅಷ್ಟು ತಿಳಿಸಬೇಕಿತ್ತು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಗಂಟಲಿಗೆ ವಿಶ್ರಾಂತಿ ಕೊಡು. ನಿನ್ನ ಮಾತು ಎಲ್ಲಿ ನಿಂತರೂ ಅಲ್ಲಿ ನಿನ್ನ ಜೊತೆ ನಿಲ್ಲುವವರು ಸಿಗಲಿ.

ನಿನ್ನ
ಅಮ್ಮ

ತಾ.ಕ.: ಅವಳು ಬಂದಿದ್ದಳು, ಮರಿ. ಆ ಮೇ ತಿಂಗಳಲ್ಲಿ, ಎರಡು ಸಲ. ಮೊದಲ ಸಲ ನೀನು ಗಿಟಾರ್ ಕ್ಲಾಸಿಗೆ ಹೋಗಿದ್ದೆ. ಎರಡನೆಯ ಸಲ ನಿನ್ನ ಕೋಣೆಯಲ್ಲೇ ಇದ್ದೆ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು. ನಾನು ಬಾಗಿಲು ಅರ್ಧ ತೆರೆದು, “ಅವಳಿಗೆ ನಿನ್ನ ನೋಡೋಕೆ ಇಷ್ಟ ಇಲ್ಲಮ್ಮ” ಎಂದೆ. “ಹಾಗಂತ ಅವಳೇ ಹೇಳಿದ್ಲಾ, ಆಂಟಿ?” ಎಂದು ಕೇಳಿದಳು. “ಹೂಂ, ಅವಳೇ” ಎಂದೆ. ನೀನು ಹೇಳಲು ಬಂದದ್ದು ಜಗಳದ ಮಾತಲ್ಲವೆಂದು ಬಟ್ಟೆ ಮಡಿಸುವಾಗಲೇ ನನಗೆ ಗೊತ್ತಾಗಿತ್ತು. ಅದಕ್ಕೇ ನಿನ್ನ ವಾಕ್ಯವನ್ನು ಅಷ್ಟು ಬೇಗ ಮುಗಿಸಿದೆ.