ಮಂಜಿನೊಳಗಿನ ಸಿಳ್ಳೆ

ಮಗಳೇ ಯೊನ್‌ಹ್ವಾ,

ನಮ್ಮ ಹಲ್ಲಾ ಜ್ವಾಲಾಮುಖಿ ಬೆಟ್ಟದ ಬೆಂಕಿಯನ್ನು ಜೋಗುಳ ಹಾಡಿ ಮಲಗಿಸಿದವನೇ ನಾನು. ಅಂಥವನ ಮಾತು ಕೇಳು: ಕಡಲಲ್ಲಿ ಮುಳುಗಿ ಚಿಪ್ಪು ತೆಗೆಯುವ ಕಸುಬನ್ನು ಬಿಡಬೇಡ.

“ಹಾಲು ಕುಡಿಯೋ ಕೂಸು ಬಿಟ್ಟು ಮುಳುಗೋಕೆ ಹೋಗ್ತಾಳಂತೆ!” ಎಂದು ನಿನ್ನ ಗಂಡನ ಮನೆಯಲ್ಲಿ ಅತ್ತೆ ಅಂದಾಗ ನಾನೂ ತಲೆಯಾಡಿಸಿದ್ದೆ. ನಿನ್ನ ಗಂಡ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ನಾಲ್ಕು ಜನರೆದುರು ದಡಕ್ಕೆ ಬರುವ ಗಂಡಸಲ್ಲ ಎಂದು ಅಂಗಡಿಯ ಮಾನ್‌ಸುಕ್‌ನೊಂದಿಗೆ ಪಂದ್ಯವನ್ನೂ ಕಟ್ಟಿದ್ದೆ.

ನಿನ್ನೆ ನಿಮ್ಮ ದಡಕ್ಕೆ ಬಂದೆ. ನೀನು ನೀರಿನಲ್ಲಿದ್ದೆ. ಮಂಜಿನಲ್ಲಿ ಕಡಲೇ ಕಾಣುತ್ತಿರಲಿಲ್ಲ. ಮುಳುಗಿ ಮೇಲೆದ್ದ ಹೆಂಗಸರು ಉಸಿರು ಬಿಡುವ ಸಿಳ್ಳೆಗಳು ಮಾತ್ರ ಕನಸಿನ ಹಕ್ಕಿಗಳಂತೆ ತೇಲಿ ಬರುತ್ತಿದ್ದವು. ಬಂಡೆಯ ಮೇಲೆ ನಿನ್ನ ಗಂಡ ನಿಂತಿದ್ದ, ಬೆನ್ನಲ್ಲಿ ಕೂಸು.

“ಏನಪ್ಪಾ ಅಳಿಯ, ದಾದಿ ಕೆಲಸಕ್ಕೆ ಸೇರಿದ್ಯಾ?”

“ಸ್ವಲ್ಪ ಸುಮ್ನಿರಿ ಮಾವ. ಅವಳ ಸಿಳ್ಳೆ ಇನ್ನೂ ಬಂದಿಲ್ಲ.”

ನಾನೂ ಉಸಿರು ಬಿಗಿಹಿಡಿದೆ. ಕೊನೆಗೆ ಉದ್ದನೆಯ ಸಿಳ್ಳೆಯೊಂದು ಬಂತು. ನನಗೆ ಎಲ್ಲ ಸಿಳ್ಳೆಗಳೂ ಒಂದೇ ಥರ ಕೇಳಿಸಿದವು. ಕೂಸು ಮಾತ್ರ ಆ ಕಡೆಗೇ ತಿರುಗಿ ನಕ್ಕಿತು. “ದಿನಾ ಕರ್ಕೊಂಡು ಬರ್ತೀನಲ್ಲ ಮಾವ, ಗುರುತಾಗಿದೆ” ಅಂದ ಅವನು.

ನಿನ್ನ ಅತ್ತೆಗೆ ನಾನೇ ಹೇಳುತ್ತೇನೆ. ನೀನು ನಾಳೆಯೂ ಇಳಿ. ನಮ್ಮ ಮನೆಯವಳು ಕೇಳಿದರೆ, ಪಂದ್ಯದಲ್ಲಿ ಮಾವ ಸೋತದ್ದು ಐದು ಸಾವಿರ ವಾನ್ ಎನ್ನು.

ನಿನ್ನ ಸೋದರಮಾವ,
ದೊಕ್‌ಬೇ

ನಿನಗಾದರೂ ನಿಜ ಹೇಳುತ್ತೇನೆ: ಐವತ್ತು ಸಾವಿರ.